ವಿಲೀನ

ಸೀಡಿ ಪ್ಲೇಯರು ಸತ್ತ ವಾರ ಅಕ್ಕನ ಮಗ ತಿಪ್ಪೇಶಿ
ತನ್ನ ಹಳೇ ಲ್ಯಾಪ್‌ಟಾಪು ತಂದು
ಪೀಕೋ ಮಿಷನ್ನಿನ ಪಕ್ಕ ಇಟ್ಟ.
“ಇದಕ್ಕೆ ಸೀಡಿ ತಿನ್ನೋ ಬಾಯಿ ಐತಿ ಸಣ್ಣಮ್ಮ, ಈಗಿನವಕ್ಕೆ ಇರಲ್ಲ.
ಮೂರು ಸಾಫ್ಟ್‌ವೇರ್ ಹಾಕೀನಿ, ಯಾವ್ದು ಒಗ್ಗುತ್ತೋ ಇಟ್ಕಾ.”

ಮೊದಲನೆಯದಕ್ಕೆ ಅವಸರ.
ನಾಲ್ಕು ನಿಮಿಷಕ್ಕೆ ಒಂದು ನುಂಗಿ, ಮುಗೀತು ಅಂದಿತು.
ಕೇಳಿದರೆ ಐದನೇ ಹಾಡಿನ ನಡುವೆ ಬಿಕ್ಕಳಿಕೆ.
ಹಬ್ಬದ ಹಿಂದಿನ ದಿನ ಹೊಲಿದ ಫಾಲ್ಸಿನ ಹಾಗೆ,
ಉಟ್ಟು ನಡೆದಾಗಲೇ ಗೊತ್ತಾಗೋದು.

ಎರಡನೆಯದು ಚೆಂದ. ಬಣ್ಣದ ರಟ್ಟು ಜೋಡಿಸಿ ತೋರಿಸಿ
ಎಲ್ಲ ಹಾಡೂ ತನ್ನ ಕೋಣೆಯಲ್ಲೇ ಇರಬೇಕೆಂದಿತು,
ಬೀಗದ ಕೈ ತನ್ನ ಸೊಂಟದಲ್ಲಿ.
ಇಂಥವರನ್ನು ಕಂಡಿದ್ದೇನೆ. ತೆಗೆಸಿದೆ.

ಮೂರನೆಯದಕ್ಕೆ ರೂಪವಿಲ್ಲ, ಬೂದಿ ಬಣ್ಣ.
ಗೀರು ಬಿದ್ದಲ್ಲಿ ನಿಂತು ಮತ್ತೆ ಓದುತ್ತದೆ, ಮತ್ತೆ,
ಎಂಬತ್ತು ಸಲ ಬೇಕಾದರೂ. ಆಗದಿದ್ದರೆ
ಆಗಲಿಲ್ಲ ಅಂತ ಬರೆದಿಡುತ್ತದೆ.
ಚೌಕಿಪೇಟೆಯಲ್ಲಿ ಇಪ್ಪತ್ತೆರಡು ವರ್ಷ ಅಂಗಡಿ ಇಟ್ಟವಳಿಗೆ
ಇಂಥ ಒಬ್ಬ ಕೆಲಸದವಳು ಸಿಕ್ಕಿರಲಿಲ್ಲ.

ನೂರಾ ಹದಿನೆಂಟು ಸೀಡಿ. ಲ್ಯಾಪ್‌ಟಾಪಿನ ಬ್ಯಾಟರಿ ಎಂದೋ ಸತ್ತದ್ದು,
ಕರೆಂಟು ಹೋದರೆ ಮೊದಲಿಂದ.
ಕನ್ನಡದಲ್ಲಿ ಹೆಸರು ಹೊಡೆದರೆ ಝಡ್ ಮುಗಿದ ಮೇಲೆ ಕೂರಿಸುತ್ತದೆ,
ಪಂಕ್ತಿಯ ಕಡೇ ಎಲೆಗೆ. ಇರಲಿ ಅಂದುಕೊಂಡೆ.

ನೀಲಾಂಬಿಕೆ ಹಿರೇಮಠ ಮಾತ್ರ ನಾಲ್ಕು ಜನ.
ಒಬ್ಬಳಿಗೆ ಎರಡು ಇ, ಒಬ್ಬಳಿಗೆ ಒಂದೇ ಐ,
ಒಬ್ಬಳು ಝಡ್ಡಿನಾಚೆ, ಇನ್ನೊಬ್ಬಳು ಬರೀ ಎನ್. ಹಿರೇಮಠ.
ನಾಲ್ವರನ್ನೂ ಆರಿಸಿದೆ. ವಿಲೀನಗೊಳಿಸಲೇ ಅಂತ ಕೇಳಿತು.
ಹಿಂದಕ್ಕೆ ಬರಲಾಗದು ಅಂತಲೂ ಹೇಳಿತು, ಸಣ್ಣಕ್ಷರದಲ್ಲಿ.
ಹೂಂ ಅಂದೆ.

ಮುಗಿದ ಸೀಡಿಗಳನ್ನು ತಿಪ್ಪೇಶಿ ಒಯ್ದ, ಯಾರದೋ ದಾಳಿಂಬೆ ತೋಟಕ್ಕೆ,
ಹಕ್ಕಿ ಬೆದರಿಸಲು. ಜಗಳೂರಿನ ಕಡೆ
ಬಿಸಿಲಲ್ಲಿ ತಿರುಗುತ್ತ ಹೊಳೆಯುತ್ತಿರಬೇಕು.

ಆಮೇಲೆ ಒಂದು ಸಂಜೆ, ಶಟರು ಅರ್ಧ ಎಳೆದು ಸುಮ್ಮನೆ ಕೂತಾಗ,
“ಒಳಗೆ” ಅನ್ನುವಲ್ಲಿ ನಾಲಿಗೆ ಜಾರಿತು, “ಒಲಗೆ”.
ನೀಲಾಂಬಿಕೆಯ ಳಕಾರ ಬಂಡೆ.
ಮುಂದಿನ ಸಾಲಿಗೆ ಇವಳು ಉಸಿರು ತೆಗೆದುಕೊಂಡಳು,
ಅವಳು ತೆಗೆದುಕೊಳ್ಳದ ಜಾಗದಲ್ಲಿ.

ಇಷ್ಟು ವರ್ಷ ಕೇಳಿದ್ದೆ, ಮಿಷನ್ನಿನ ಸದ್ದಿನ ಮೇಲೆ.
ಮೆರೂನ್ ಒಂದರಲ್ಲೇ ಹನ್ನೊಂದು ದಾರ ಇಟ್ಟವಳು ನಾನು,
ಒಂದೆಳೆ ಕೆಂಪು ಹೆಚ್ಚಿದ್ದರೆ
ಬಾಗಿಲ ಬೆಳಕಿಗೆ ಹಿಡಿದು ಬೇಡ ಅನ್ನುವವಳು.
ಎನ್ ಅಂದರೆ ನಾಗವೇಣಿ ಇರಬಹುದು, ನಿಂಗಮ್ಮ ಇರಬಹುದು.
ತಂಗಿಯೋ, ಸೊಸೆಯೋ, ಹಾರ್ಮೋನಿಯಂ ಹಿಡಿದು
ಪಕ್ಕ ಕೂರುತ್ತಿದ್ದವಳೋ.
ಒಂದು ಹೂಂನಲ್ಲಿ ಅವಳನ್ನು ಅಳಿಸಿದ್ದೆ.

ಒಟ್ಟು ಅರವತ್ತೊಂದು ಹಾಡು.
ಬೂದಿಬಣ್ಣದವಳಿಗೆ ಇದು ಬರುವುದಿಲ್ಲ, ಕೇಳಿ ನೋಡಿದೆ.
ದಿನಕ್ಕೆರಡು, ಮಿಷನ್ನು ನಿಲ್ಲಿಸಿ, ಕಣ್ಣು ಮುಚ್ಚಿ.
ಇದುವರೆಗೆ ಏಳು ಸಿಕ್ಕಿವೆ. ಎಂಟನೆಯದು ಅನುಮಾನ,
ಅದರಲ್ಲಿ ಳಕಾರವೇ ಇಲ್ಲ.

ಶಟರಿನ ಕೆಳಗೆ ಬಗ್ಗಿ ಕೊಟ್ರಮ್ಮ ಕೂಗುತ್ತಾಳೆ,
ಸೀರೆ ಆತೇನು, ಮಿಷನ್ ಯಾಕೆ ನಿಂತೈತಿ, ಒಳಗೆ ಬರ್ಲಾ?
ಬಾ ಅನ್ನುತ್ತೇನೆ,
ಮಾತಾಡಬ್ಯಾಡ, ಕೂತ್ಕಾ.