ಗಿರ್ರ

ನಮ್ಮ ನೀಲಾಂಬಿಕಾಗ ಹತ್ತೊಂಬತ್ತು ತಿಂಗಳು.
ಗಂಟಿನ್ಯಾಗ ಒಟ್ಟು ಏಳು ಮಾತು.
ನೀರಿಗಿ ಮಂ, ಅನ್ನಕ್ಕ ಬುವ್ವ,
ದೇವರ ಜಗಲಿಗೂ ಫ್ರಿಜ್ಜಿಗೂ ಒಂದೇ, ಜೇಜಿ,
ಎರಡರ ಒಳಗೂ ದೀಪ ಅದ, ಅಕಿದು ತಪ್ಪೇನಿಲ್ಲ.
ಅವ್ವ. ಆಯಿ.
ಖೈರೂನ್ ಖಾಲಾನ ಆಡಿಗಿ ಮ್ಯಾ.
ಏಳನೇದು ಗಿರ್ರ.

ಅಪ್ಪ ಅನ್ನೋದು ಇನ್ನೂ ಬಂದಿಲ್ಲ.
ಅದರ ಸುದ್ದಿ ಮನ್ಯಾಗ ಯಾರೂ ತೆಗಿಯಂಗಿಲ್ಲ.
ಸಂಜಿಗಿ ಅವರು ಬರತಾರ,
ಹುಬ್ಬಿನ ಮ್ಯಾಲ ಸುದ್ದಾ ಶಹಾಬಾದ ಪರ್ಸಿ ಧೂಳು.
ಬಚ್ಚಲಕ್ಕ ಹೋಗೋಕಿಂತ ಮೊದಲು ಅಕಿ ಮುಂದ ಕುಂತು
ತುಟಿ ಕೂಡಿಸಿ, ಬಿಡಿಸಿ, ಅಪ್... ಪಾ ಅಂತ ತೋರಸ್ತಾರ.
ಅಕಿ ಅವರ ಹುಬ್ಬು ಬೆರಳಿಲೆ ಒರಸಿ
ಗಿರ್ರ ಅಂದು ನಗತಾಳ.
"ಇರಲಿ ಬಿಡು, ಅವ್ವನ ಮಗಳು"
ಅಂತ ಎದ್ದು ಹೋಗತಾರ.
ತಂಬಿಗಿ ನೀರು ಸುರಕೊಳ್ಳೋ ಸಪ್ಪಳ
ದಿನಕ್ಕಿಂತ ಜರಾ ಜೋರು.

ಗಿರ್ರ ಅಂದ್ರ ಏನು?
ನಮ್ಮತ್ತಿ ಜಗದೇವಿ ಅಂದರು, ಗಿರಣಿ.
"ಜ್ವಾಳ ಬೀಸಾಕ ಹೋದಾಗ ಬಗಲಾಗ ಇದ್ದಳು, ಅಂಜ್ಯಾಳ ಕೂಸು."
ಉಪ್ಪು ಮೆಣಸಿನಕಾಯಿ ಇಳಿ ತೆಗೆದು ಒಲಿಗಿ ಒಗದರು.
ಘಾಟಿಗಿ ನಾವೆಲ್ಲ ಕೆಮ್ಮಿದೆವು.
ಘಾಟು ಎದ್ದರ ದೃಷ್ಟಿ ಇಲ್ಲ ಅಂತ ಲೆಕ್ಕ.
ಅಕಿ ಕಣ್ಣು ಒರಸಿಕೊಂಡು ಗಿರ್ರ ಅಂದಳು.

ಗ್ವಾಡಿ ಆಚಿಂದ ಖೈರೂನ್ ಖಾಲಾ ಓಡಿ ಬಂದಳು,
"ಗಿರಾ? ಕೌನ್ ಗಿರಾ? ಎಲ್ಲಿ ಬಿದ್ದಳ ಪೋರಿ?"
ತಲಿ ತಡವಿ, ಮೊಣಕಾಲು ತಡವಿ,
ಎಲ್ಲೂ ಬಾವು ಸಿಗಲಾರದಕ್ಕ
ಎರಡು ಖರ್ಜೂರ ಕೈಯಾಗ ಇಟ್ಟು ಹೋದಳು.
ತಾಂಡೂರ ಕಡಿ ಲಚ್ಚಮ್ಮ, "ಗಿನ್ನೆ ಕೇಳ್ತದ ಮಗಾ" ಅಂದಳು.
ಸ್ಟೀಲಿನ ಗಿನ್ನಿ ಕೊಟ್ಟೆವು.
ಅದು ಅಂಗಳದಾಗ ಉರುಳಿ ಮೋರಿತನ ಹೋಯ್ತು.

ಕಡಿಗಿ ಉಳದಾಂವ ಒಬ್ಬನೇ ವಕೀಲ, ಅಣ್ಣ ರೇವು.
ವಯಸ್ಸು ಆರು, ಮುಂದಿನ ಎರಡು ಹಲ್ಲು ರಜಾದ ಮ್ಯಾಲ.
ತಂಗಿ ಮಾತು ನಮಗ ತಿಳಿಸಿ ಹೇಳೋ ಹೊಣಿ ಅವಂದು.
"ಗಿರ್ರ ಅಂದ್ರ ಬಿಸ್ಕೀಟ್.
ಕ್ರೀಮಿಂದು. ಎರಡು.
ಅಕಿಗಿ ಒಂದು, ಹೇಳಿದಾಂವಗ ಒಂದು."
ಕೊಟ್ಟು ನೋಡಿದೆ. ಅಕಿ ತಿಂದಳು ಖರೇ.
ಹಂಗಾಗಿ ಮೂರು ವಾರ
ನಮ್ಮ ಮನ್ಯಾಗ ಅದೇ ಅರ್ಥ ಚಾಲ್ತಿ ಇತ್ತು.

ಆಮ್ಯಾಲ ಒಂದು ಬುಧವಾರ ಮುಂಜಾನಿಂದೇ ಕರೆಂಟ್ ಇಲ್ಲ.
ನಮ್ಮ ಓಣಿಗಿ ಹಗಲೆಲ್ಲ
ಪರ್ಸಿ ಕೊಯ್ಯೋ ಮಷೀನಿನ ಸಪ್ಪಳ ಇರತದ,
ನಮ್ಮ ಉಸಿರು ನಮಗ ಕೇಳಸಲಾರದಂಗ
ಅದೂ ಕೇಳಸಂಗಿಲ್ಲ.
ಅವತ್ತು ಅದು ಇಲ್ಲದ್ದು ಕೇಳಿಸ್ತು.
ಖಾಲಾ ಚಾ ಸೋಸೋದು ಸುದ್ದಾ ಕೇಳಿಸ್ತು.
ಕೂಸು ಹೊಸ್ತಿಲದಾಗ ನಿಂತು
ಎರಡೂ ಅಂಗೈ ಮ್ಯಾಲ ಮಾಡಿ,
ಡಬ್ಬಿ ಖಾಲಿ ಅಂತ ನಾ ತೋರಸ್ತೀನಲ್ಲ, ಹಂಗೇ,
ಗಿರ್ರ?
ಪ್ರಶ್ನಿ ಮಾಡಿ ಕೇಳಿದ್ದು ಅದೇ ಮೊದಲು.
ಹಂಚಿನ ಮ್ಯಾಲ ರೊಟ್ಟಿ ಹೊತ್ತಿತು.

ಹನ್ನೆರಡಕ್ಕ ಅವರು ಬಂದರು, ಕೆಲಸ ಇಲ್ಲದ ಮಾರಿ, ಸ್ವಚ್ಛ.
ಅಕಿ ಹುಬ್ಬು ತಡವಿ ಬೆರಳು ನೋಡಿಕೊಂಡಳು.
ಬಿಳುಪು ಹತ್ತಿಲ್ಲ.
ಮತ್ತೊಮ್ಮೆ ತಡವಿದಳು.
ಸ್ವಲ್ಪ ಹೊತ್ತು ಯಾಚಿಸಿ
ಕೊರಳಿಗಿ ಜೋತು ಬಿದ್ದು,
ಗಿರ್ರ, ಗಿರ್ರ, ಗಿರ್ರ.
ಅವರು ನನ್ನ ಕಡಿ ನೋಡಿದರು.
ನಾ ರೊಟ್ಟಿ ತೆಗಿಯೋ ನೆವ ಮಾಡಿ ಒಳಗ ಹೋದೆ.

ಈಗ ಅಪ್ಪ ಅನ್ನೋದೂ ಬಂದದ, ಕಡದಂಗ ಸ್ಪಷ್ಟ.
ಅವರೇ ಒಮ್ಮೊಮ್ಮೆ ಕಿವಿ ಕೇಳಲಾರದವರಂಗ
ಹೊಳ್ಳಿ ನೋಡಂಗಿಲ್ಲ,
ಅಕಿ ಹಳೇ ಹೆಸರು ಹಿಡದು ಕರೀಲಿ ಅಂತ.

ರೇವುನ ಎದುರಿಗಿ ಕೂಡ್ರಿಸಿ ಕೇಳಿದೆ,
"ಖರೇ ಹೇಳು, ನಿನಗ ತಿಳದಿರಲಿಲ್ಲೇನು?"
"ಮೊದಲನೇ ದಿನಾನೇ ತಿಳದಿತ್ತು" ಅಂದ.
"ಮತ್ತ?"
ಹಲ್ಲಿಲ್ಲದ ಸಂದಿನ್ಯಾಗ ನಾಲಿಗಿ ಆಡಿಸಿ ಅಂದ:
"ಅಪ್ಪ ಅಂತ ಹೇಳಿದ್ರ
ಬಿಸ್ಕೀಟ್ ಯಾರು ಕೊಡ್ತಿದ್ರು?"