ಮೂರನೆಯ ಗುಡಾಣ

ಅಲಜಾನಿ ಹೊಳೆಯ ಈಚೆ ದಂಡೆಗೆ ನಮ್ಮ ಮನೆ.
ಹಿತ್ತಿಲಲ್ಲಿ ಕತ್ತಿನವರೆಗೆ ಹೂತ ಮೂರು ಗುಡಾಣಗಳು.
ಒಂದರ ದ್ರಾಕ್ಷಾರಸ ಮನೆಗೆ, ಒಂದರದು ಮಾರುವುದಕ್ಕೆ.
ಮೂರನೆಯದು, ಎಲ್ಲಕ್ಕಿಂತ ಚಿಕ್ಕದು,
ದೇವರದು.

ಅಜ್ಜಿ ಮಕ್ವಾಲಾ ಮದುವೆಯಾಗಿ ಬಂದ ವಾರವೇ
ಅವಳ ಅತ್ತೆ ಹೇಳಿದ್ದು ಇಷ್ಟು:
ಮೊದಲ ಗೊಂಚಲು ಇದಕ್ಕೆ.
ಇಗರ್ಜಿಯ ಗಂಟೆ ಬಾರಿಸಿದ ದಿನ ಪಾದ್ರಿ ಬಂದು ತೆರೆಯಲಿ.
ಅಲ್ಲಿಯತನಕ ತುಟಿಗೆ ತಾಗಿಸಬೇಡ.

ಅದೇ ಸುಗ್ಗಿಯಲ್ಲಿ ಗಂಟೆಯನ್ನು ಇಳಿಸಿ ಲಾರಿಗೆ ಹೇರಿದರು.
ಪಾದ್ರಿಯನ್ನೂ ಅದೇ ಲಾರಿಗೆ.
ಇಗರ್ಜಿಯೊಳಗೆ ಗೊಬ್ಬರದ ಚೀಲ ಪೇರಿಸಿದರು,
ಗೋಡೆಯ ಸಂತರ ಗಡ್ಡ
ಪುಡಿ ಹಾರಿ ಇನ್ನಷ್ಟು ನೆರೆಯಿತು.

ಗುಡಾಣದಲ್ಲಿಟ್ಟದ್ದು ಎಷ್ಟು ದಿನ ಕಾದೀತು?
ಪ್ರತಿ ಶರತ್ಕಾಲ, ಹೊಸ ಗೊಂಚಲು ಕೊಯ್ಯುವ ಮುನ್ನ
ಅಜ್ಜಿ ಮುಚ್ಚಳದ ಜೇಡಿ ಒಡೆದು
ಮುಖ ಆಚೆ ತಿರುಗಿಸಿ, ಉಸಿರು ಬಿಗಿಹಿಡಿದು
ಅಷ್ಟನ್ನೂ ಮೊಗೆದು ಬಳ್ಳಿಯ ಬುಡಕ್ಕೆ ಸುರಿಯುತ್ತಿದ್ದಳು.
ತೊಳೆಯುವುದು. ತುಂಬುವುದು. ಮುಚ್ಚುವುದು.
ಬೂದಿಗೆ ತುಪ್ಪ ಹೊಯ್ದ ಹಾಗೆ, ಅಂದರು ಊರಿನವರು,
ಮೊದಲು ಬೇಲಿಯಾಚೆ, ಆಮೇಲೆ ಎದುರಿಗೇ.

ಯುದ್ಧದ ಎರಡನೇ ಚಳಿಗಾಲ.
ಅಜ್ಜ ಇರೊದಿಯ ಕಾಗದ ನಿಂತು ಏಳು ತಿಂಗಳು.
ಮೊದಲ ಗುಡಾಣ ಕೊಟ್ಟಾಗಿತ್ತು, ಎರಡನೆಯದೂ,
ಮದುವೆಯ ಬೆಳ್ಳಿ ಡಾಬು, ಕರುವಿನ ಸಮೇತ ಹಸು.
ಮೇಸ್ತ್ರಿ ಸೆವೆರಿಯಾನ್ ತಕ್ಕಡಿ ಹಿಡಿದೇ ಬಂದ:
ಆ ಚಿಕ್ಕದನ್ನು ಕೊಡು, ಎರಡು ಚೀಲ ಜೋಳ ಕೊಡ್ತೀನಿ.
ಹುಡುಗನ ಮುಖ ನೋಡು.
ನೋಡಿದಳು.
ಕೊಡೋಕೆ ಅದು ನನ್ನದಲ್ಲ, ಅಂದಳು.

ಆ ಹುಡುಗ ನನ್ನ ಅಪ್ಪ.
ಉಪ್ಪುನೀರಿನ ದ್ರಾಕ್ಷಿ ಎಲೆ ಜಗಿದು ಬದುಕಿದವನು.
ಆ ಗುಡಾಣದ ಕಡೆ ಉಗುಳುತ್ತಿದ್ದೆ, ಅನ್ನುತ್ತಿದ್ದ ನನಗೆ,
ದೇವರಿಗೆ ಬಾಯಾರಿಕೆಯಿಲ್ಲ, ನನಗೆ ಹಸಿವಿತ್ತು.
ಇದಕ್ಕೆ ಅಜ್ಜಿಯ ಹತ್ತಿರ ಉತ್ತರವಿರಲಿಲ್ಲ.
ನನ್ನ ಹತ್ತಿರವೂ ಇಲ್ಲ.

ಒಮ್ಮೆ ಮಾತ್ರ, ಬೀನ್ಸ್ ಬಿಡಿಸುತ್ತಾ, ನನಗೆ ಹೇಳಿದಳು:
ಸೆವೆರಿಯಾನ್ ಹೋದ ರಾತ್ರಿ
ನಾನೇ ಸನಿಕೆ ಹಿಡಿದು ಮುಚ್ಚಳದ ಪಕ್ಕ ಕೂತಿದ್ದೆ.
ಒಂದು ಏಟು ಹಾಕಿದೆ ಕೂಡ.
ಮತ್ತೆ ಯಾಕೆ ತೆಗೆಯಲಿಲ್ಲ?
ಕೋಳಿ ಕೂಗಿತು. ಕೆಲಸವಿತ್ತು.

ಐವತ್ತೆರಡು ಸುಗ್ಗಿ ಹೀಗೆ.
ಕೆಲವು ವರ್ಷದ್ದು ಜೇನಿನ ಬಣ್ಣ,
ಸುರಿದ ಜಾಗದಲ್ಲಿ ಕಣಜಗಳು ಅಮಲೇರಿ ಬೀಳುತ್ತಿದ್ದವು.

ಪಾದ್ರಿ ಬಂದದ್ದು ಆಲಿಕಲ್ಲು ಬಿದ್ದ ವರ್ಷ.
ಮೀಸೆ ಇನ್ನೂ ನೆಟ್ಟಗೆ ಮೂಡದ ಹುಡುಗ, ಎರವಲು ಕಾರು,
ಗಂಟೆಯಿಲ್ಲದ್ದಕ್ಕೆ ಅಕ್ರೋಟು ಮರಕ್ಕೆ
ರೈಲು ಕಂಬಿಯ ತುಂಡು ಕಟ್ಟಿ ಕಬ್ಬಿಣದಿಂದ ಹೊಡೆದ.
ಇದು ಗಂಟೆಯೇ, ಅಲ್ಲವೇ,
ಊರು ಜಗಳ ಕಾಯುತ್ತಿರುವಾಗ
ಅಜ್ಜಿ ಆಗಲೇ ಕಾಲಿಗೆ ಚಪ್ಪಲಿ ಮೆಟ್ಟಿದ್ದಳು.

ಮುಚ್ಚಳ ತೆಗೆಯಲು ಅವನಿಗೆ ಬರಲಿಲ್ಲ, ಅಪ್ಪ ತೆಗೆದ,
ಸನಿಕೆಯ ಹಳೆಯ ಗಾಯದ ಮೇಲೆ ಬೆರಳಿಟ್ಟು
ಅಮ್ಮನನ್ನೊಮ್ಮೆ ನೋಡಿದ.
ರಸ ಕದಡಿತ್ತು.
ಬಲಿಪೀಠದಲ್ಲಿ, ಚೀಲಗಳ ಗುರುತಿನ್ನೂ ಇದ್ದ ನೆಲದಲ್ಲಿ,
ಹುಡುಗ ಕುಡಿದ, ಕಣ್ಣು ಕಿರಿದಾಯಿತು.
ಎಪ್ಪತ್ತೊಂದನೇ ವಯಸ್ಸಿಗೆ ಅಜ್ಜಿಯ ನಾಲಿಗೆಗೆ
ಮೊದಲ ಚಮಚ.
ಸ್ವಲ್ಪ ಹುಳಿ, ಅಂದಳು.
ಅಪ್ಪ ನಗಲು ಶುರುಮಾಡಿದವನು
ಎಷ್ಟು ಹೊತ್ತಾದರೂ ನಿಲ್ಲಿಸಲಾಗದೆ ಹೊರಗೆ ಹೋದ.

ನನಗೆ ಆ ದಿನಕ್ಕಿಂತ ನೆನಪಿರುವುದು ಬೇರೆ.
ಆಗ ನನಗೆ ಎಂಟು, ಗುಡಾಣದ ಕಂಠದಲ್ಲಿ ತೂರುವಷ್ಟೇ ಮೈ.
ಸೊಂಟಕ್ಕೆ ಹಗ್ಗ, ಕೈಯಲ್ಲಿ ಚೆರ್ರಿ ತೊಗಟೆಯ ಉಜ್ಜುಗ.
ಹಾಡುತ್ತಿರು, ಅನ್ನುತ್ತಿದ್ದಳು,
ಹಾಡು ನಿಂತರೆ ಎಳೆದುಬಿಡ್ತೀನಿ.
ಮೇಲೆ ತಟ್ಟೆಯಗಲ ಆಕಾಶ.
ನಾನು ಹಾಡು ನಿಲ್ಲಿಸಿ ಕೂಗಿದೆ:
ಅಜ್ಜೀ, ಅವರು ಬರೋದು ಯಾವಾಗ?

ತಟ್ಟೆಯೊಳಗೆ ಅವಳ ಮುಖ ಬಂತು.
ಅಲ್ಲಿ, ಎಡಗಡೆ, ಕೆಳಗೆ, ಅಂದಳು,
ಸರಿಯಾಗಿ ಉಜ್ಜು.