ಇಂಗ್ಲಿಷ್ ಜಗಳ

ಎಡ್ಮಿ ಆರೋದ್ರೊಳಗ ಎದ್ದ ಮಾತು ಅದು,
ತುಳಜಾಸಾನ ಖಾನಾವಳಿ, ಒಳಗಿನ ಟೇಬಲ್:
ನಮ್ಮ ಕಾಲದ ಹಿಪ್‌ ಹಾಪಿನಾಗ
ಎಲ್ಲಾಕಿಂತ ದೊಡ್ಡ ಆಲ್ಬಮ್ ಯಾವುದು?

ಕೇಳಿದಂವ ದಾದಾಪೀರ.
ಸಕ್ಕರಿ ಬ್ಯಾನಿ, ಟೈರಿನ ಅಂಗಡಿ, ಮಗಳ ಲಗ್ನದ ಸಾಲ,
ಕೇಳೋ ಹೊತ್ತಿನಾಗ ಮಾತ್ರ ಹದಿನೇಳು.

ಮೊದಲ ಒಪ್ಪಿಬಿಡತೇನಿ:
ನಮಗ ಒಂದರ ಹೆಸರೂ ಗೊತ್ತಿರಲಿಲ್ಲ.
ಮುಂಬೈದಿಂದ ಯಾರೋ ತಂದದ್ದು, ಅದರ ನಕಲಿನ ನಕಲು,
ದುರ್ಗದಬೈಲಿನ ಸಂದಿಯಾಗ ಬಾಬಣ್ಣ
ಹದಿನೆಂಟು ರೂಪಾಯಿಗೆ ತುಂಬಿ ಕೊಡತಿದ್ದ,
ಚೀಟಿ ಮ್ಯಾಲೆ ನೀಲಿ ಪೆನ್ನಿಲೆ ಬರೀತಿದ್ದ
ಇಂಗ್ಲಿಷ್ ಜಗಳ, ಒಂದು.
ಇಂಗ್ಲಿಷ್ ಜಗಳ, ಎರಡು.
ನಾಕರ ತನಕ ಬಂತು. ಆಮ್ಯಾಲೆ ಬಾಬಣ್ಣ
ಮೊಬೈಲ್ ಕವರ್ ಮಾರಾಕ ಹತ್ತಿದ.

"ಒಂದು," ಅಂದ ತುಳಜಾಸಾ, ಗಲ್ಲೆ ಬಿಟ್ಟು ಎದ್ದು ಬಂದು.
ಒಬ್ಬ ಗಿರಾಕಿ ಬಿಲ್ ಹಿಡಕೊಂಡು ಅಲ್ಲೇ ನಿಂತಿದ್ದ.
"ಒಂದರಾಗ ಅಂವ ಉಸರ ತಗೊಳ್ಳಂಗಿಲ್ಲಲೇ.
ಅಮರಗೋಳದ ಪುರವಂತ ಒಡಪು ಹೇಳಿದಂಗ,
ನಡುವ ನಿಂತ್ರ, ಶಸ್ತ್ರ ಚುಚ್ಚೈತಿ ಅಂತ
ಗಲ್ಲಕ್ಕ ಗೊತ್ತಾಗಿಬಿಡತೈತಿ."

"ಉಸರ ಹಿಡಿಯೋದು ಸರ್ಕಸ್."
ದಾದಾಪೀರ ಉಳ್ಳಾಗಡ್ಡಿ ಬದಿಗೆ ಸರಿಸಿದ.
"ಎರಡರಾಗ ಡ್ರಮ್ಮು ಕೇಳು. ವರ್ಕ್‌ಶಾಪಿನ ಘಣ ಅದು,
ತಡದು ಬೀಳತೈತಿ,
ಬೀಳೋತನಕ ಮನಶ್ಯಾ ಕಾಯತಾನ.
ಮತ್ತ ಆ ಸಾಲು."

ಆ ಸಾಲು ನಮಗೆಲ್ಲಾ ಬಾಯಿಪಾಠ, ಕನ್ನಡದಾಗ:
ಎಬ್ಬಸಬ್ಯಾಡ್ರಿ, ಅಪ್ಪ ಮಲಗ್ಯಾನ,
ಹೋಗಾಕ ಅಂವಗ ಪಾಳಿ ಇಲ್ಲ.

ಅರ್ಥ ಹೇಳಿದಾಕಿ ಸುವಾರ್ತಾ.
ರೇಲ್ವೆ ಕ್ವಾರ್ಟರ್ಸು, ಕಾನ್ವೆಂಟು,
ನಮ್ಮೊಳಗ ಇಂಗ್ಲಿಷ್ ಬರತಿದ್ದ ಒಬ್ಬಾಕಿ.
ಸಂಜಿಗೆ ಆಕಿ ಮನಿ ಕಟ್ಟಿ ಮ್ಯಾಲೆ ಟೇಪ್ ಇಡತಿದ್ವಿ.
ಒಂದು ಸಾಲು ಓಡೋದು, ಆಕಿ "ತಡೀ" ಅನ್ನೋದು,
ನಾವು ಪೆನ್ಸಿಲ್ ಹಾಕಿ ರೀಲು ಹಿಂದಕ್ಕ ತಿರಗಸೋದು,
ಆಕಿ ಕಣ್ಣ ಮುಚ್ಚಿ ಹೇಳೋದು.

ಈಗ ಆಕಿ ಲಿಂಬಿ ಹಿಂಡಿದಳು,
ಬೀಜ ಒಂದೊಂದ ಆರಿಸಿ ತಾಟಿನ ಅಂಚಿಗಿಟ್ಟಳು.
"ಎರಡರಾಗ ಆ ಸಾಲಿಲ್ಲಪಾ," ಅಂದಳು.
"ಅಲ್ಲಿದ್ದದ್ದು ಬರೇ ಹೊಲಸ ಬೈಗಳ.
ಅವ್ವ ಬಾಗಲದಾಗ ನಿಂತಿದ್ಲು, ಏನಾರ ಹೇಳಬೇಕಿತ್ತು.
ಅದ ತಿಂಗಳ ಅಪ್ಪನ್ನ ಸಸ್ಪೆಂಡ್ ಮಾಡಿದ್ರು."

ಪಂಖಾ ತಿರಗತಿತ್ತು.
ಇಷ್ಟು ವರ್ಷ ಆ ಸಾಲಿನ ಸಲವಾಗಿ
ಎಷ್ಟ ಮಂದಿ ಕೂಡ ಬಡಿದಾಡಿದ್ದ ದಾದಾಪೀರ,
ಒಮ್ಮೆ ಅಂತೂ ಗದಗ ಪ್ಯಾಸೆಂಜರಿನಾಗ
ಅಂಗಿ ಹರಕೊಂಡು ಇಳಿದಿದ್ದ.

ನನ್ನ ಓಟು ಯಾರೂ ಕೇಳಲಿಲ್ಲ.
ನಮ್ಮನಿಯಾಗ ಟೇಪ್ ಇರಲಿಲ್ಲ,
ನಾಕೂ ನಾ ಆ ಕಟ್ಟಿ ಮ್ಯಾಲೇ ಕೇಳಿದಂವ,
ನನಗ ಡ್ರಮ್ಮಿಗಿಂತ
ಆಕಿ "ತಡೀ" ಅನ್ನೋದ ನೆನಪೈತಿ.

"ಆದ್ರೂ ಎರಡು,"
ಭಾಳ ಹೊತ್ತಿನ ಮ್ಯಾಲೆ ಅಂದ ದಾದಾಪೀರ.
ಆಕಿ ಮಾರಿ ನೋಡಲಿಲ್ಲ. "ಈಗಂತೂ ಎರಡ."

ಬಿಲ್ ಹಿಡದಂವ ಕೆಮ್ಮಿದ.
"ಬಾಬಣ್ಣನ ಕಡೇವ ಅಲ್ಲೇನ್ರಿ ಇವು?
ಮೂರು ಯಾರೂ ಹೇಳಲಿಲ್ಲಲ್ರಿ.
ಮೂರು ಇನ್ನೂ ನಮ್ಮನಿಯಾಗೈತಿ."

ತುಳಜಾಸಾ ಅಂವಗ ಕುರ್ಚಿ ಎಳದ.
ರೊಕ್ಕ ಮಾತ್ರ ಮೊದಲ ತಗೊಂಡ.